ಸ್ಕೀ ಮತ್ತು ಬೂಟು: ಕೊಂಡ ಮೇಲೆ ಮರುಗದಂತೆ ಆರಿಸುವುದು ಹೇಗೆ

ಜೀವಮಾನವಿಡೀ ಸ್ಕೀಯಿಂಗ್ ಮಾಡಿದವರು ತಾವು ಕೊಂಡು ಮರುಗಿದ ಸಾಮಗ್ರಿಗಳನ್ನು ನೆನೆಸಿಕೊಂಡಾಗ ಕೆಲವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ: ಒಂದು ಅಳತೆ ದೊಡ್ಡದಾದ ಬೂಟು, ತಮ್ಮ ತೂಕಕ್ಕೂ ಬಲಕ್ಕೂ ಮೀರಿ ಬಿರುಸಾದ ಬೂಟು, ಅಪರೂಪಕ್ಕೆ ಬೀಳುವ ಆಳವಾದ ಹಿಮಕ್ಕೆಂದು ಕೊಂಡ ಅಗಲ ಸ್ಕೀ, ಪಂದ್ಯಕ್ಕೆ ಮಾಡಿದ ಸ್ಕೀ, ತಂತ್ರಜ್ಞಾನ ಬದಲಾಗುವ ಹೊತ್ತಿನಲ್ಲಿ ಅಗ್ಗಕ್ಕೆ ಸಿಕ್ಕ ಹಳೆಯ ಮಾದರಿ. ಇವುಗಳಲ್ಲಿ ಹೆಚ್ಚಿನವು ಕೆಟ್ಟ ಸಾಮಗ್ರಿಗಳಲ್ಲ, ತಮ್ಮ ತಮ್ಮ ಕೆಲಸಕ್ಕೆ ಚೆನ್ನಾಗಿಯೇ ತಯಾರಾದವು. ಆದರೆ ಕೊಂಡವರ ಪಾದಕ್ಕೂ, ಅವರು ನಿಜವಾಗಿ ಇಳಿಯುವ ಹಿಮಕ್ಕೂ ಅವು ಹೊಂದಲಿಲ್ಲ. ಆದ್ದರಿಂದ ಇಲ್ಲಿನ ಹೋಲಿಕೆಗಳನ್ನೆಲ್ಲ ಒಂದೇ ಅಳತೆಗೋಲಿನಿಂದ ಮಾಡಿದ್ದೇನೆ: ಕಳೆದ ಎರಡು ಮೂರು ಚಳಿಗಾಲಗಳಲ್ಲಿ ನೀವು ಯಾವ ಹಿಮದ ಮೇಲೆ, ಎಷ್ಟು ವೇಗದಲ್ಲಿ ಇಳಿದಿರಿ ಎಂಬುದೇ ಆಯ್ಕೆಗೆ ಆಧಾರವಾಗಬೇಕು, ಮುಂದೊಂದು ದಿನ ಹೇಗೆ ಇಳಿಯಬೇಕೆಂಬ ಆಸೆಯಲ್ಲ.

ಮೊದಲು ಬೂಟೋ, ಸ್ಕೀಯೋ

ಎರಡಕ್ಕೂ ಒಟ್ಟಿಗೆ ಹಣ ಸಾಲದಿದ್ದಾಗ ಹೆಚ್ಚಿನವರ ಕಣ್ಣು ಮೊದಲು ಸ್ಕೀಯ ಮೇಲೆ ಬೀಳುತ್ತದೆ. ಅದು ಸಹಜವೇ, ಏಕೆಂದರೆ ಸ್ಕೀ ಕಣ್ಣಿಗೆ ಕಾಣುವ ವಸ್ತು. ಬಣ್ಣವಿದೆ, ಚಿತ್ರವಿದೆ, ಹೊಸ ಮಾದರಿಯೆಂಬ ಆಕರ್ಷಣೆಯಿದೆ. ಆದರೂ ಬೂಟಿನಿಂದಲೇ ಆರಂಭಿಸಬೇಕೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಕಾಲಿನ ಪ್ರತಿಯೊಂದು ಚಲನೆ ಸ್ಕೀಯ ಅಂಚನ್ನು ತಲುಪುವುದು ಬೂಟಿನ ಮೂಲಕ. ಬೂಟಿನೊಳಗೆ ಪಾದ ಅರ್ಧ ಸೆಂಟಿಮೀಟರಿನಷ್ಟು ಜಾರಿದರೂ ಆ ಚಲನೆ ತಡವಾಗಿ, ಮಸುಕಾಗಿ ತಲುಪುತ್ತದೆ, ಆಗ ಎಷ್ಟೇ ಒಳ್ಳೆಯ ಸ್ಕೀಯೂ ಮಾತು ಕೇಳುವುದಿಲ್ಲ. ಇನ್ನೊಂದು ವ್ಯತ್ಯಾಸ ತಪ್ಪನ್ನು ಸರಿಪಡಿಸುವ ದಾರಿಗೆ ಸಂಬಂಧಿಸಿದ್ದು. ತಪ್ಪು ಸ್ಕೀಯನ್ನು ಒಂದು ಋತುವಿನ ನಂತರ ಮಾರಬಹುದು, ಅಲ್ಲಿಯವರೆಗೆ ಬಾಡಿಗೆಯ ಸ್ಕೀಯಲ್ಲಿ ಇಳಿಯಬಹುದು. ತಪ್ಪು ಬೂಟನ್ನಾದರೋ ಜನರು ವರ್ಷಗಟ್ಟಲೆ ಸಹಿಸಿಕೊಂಡು, ನೋವಿಗೆ ತಮ್ಮ ಪಾದವನ್ನೇ ದೂರುತ್ತ, ಹತೋಟಿ ತಪ್ಪುವುದಕ್ಕೆ ತಮ್ಮ ಕೌಶಲವನ್ನೇ ಹಳಿದುಕೊಳ್ಳುತ್ತ ಕಾಲ ಕಳೆಯುತ್ತಾರೆ. ಬೇರೆ ಕಾಲಿಗೆ ಹೊಂದಿಕೊಂಡ ಒಳಪದರವಿರುವುದರಿಂದ ಬಳಸಿದ ಬೂಟಿಗೆ ಕೊಳ್ಳುವವರೂ ಕಡಿಮೆ.

ಬೂಟಿನ ಅಳತೆ: ಹಿತವಾದದ್ದೋ, ಬಿಗಿಯಾದದ್ದೋ

ಮರುಕದ ಪಟ್ಟಿಯಲ್ಲಿ ಮೊದಲ ಸ್ಥಾನ ದೊಡ್ಡ ಅಳತೆಯ ಬೂಟಿನದು. ಅಂಗಡಿಯಲ್ಲಿ ಎರಡು ಜೋಡಿ ತೊಟ್ಟು ನೋಡಿದಾಗ ದೊಡ್ಡದು ತಕ್ಷಣ ಹಿತವೆನಿಸುತ್ತದೆ, ಸರಿಯಾದದ್ದು ಹಿಂಡಿದಂತೆ ಎನಿಸುತ್ತದೆ. ಆದರೆ ಹೊಸ ಲೈನರ್, ಅಂದರೆ ಬೂಟಿನ ಮೆತ್ತನೆಯ ಒಳಪದರ, ಕೆಲವು ದಿನಗಳ ಬಳಕೆಯಲ್ಲೇ ಕುಗ್ಗತೊಡಗುತ್ತದೆ; ಮೊದಲ ದಿನ ಹಿತವಾಗಿದ್ದ ಬೂಟು ಒಂದು ಋತು ಮುಗಿಯುವುದರೊಳಗೆ ಸಡಿಲವಾಗಿ, ಹಿಮ್ಮಡಿ ಮೇಲೇಳತೊಡಗುತ್ತದೆ. ಅದನ್ನು ತಡೆಯಲು ಬಕಲ್‌ಗಳನ್ನು ಇನ್ನಷ್ಟು ಬಿಗಿದಾಗ ಪಾದದ ಮೇಲ್ಭಾಗದ ರಕ್ತನಾಳಗಳು ಅದುಮಲ್ಪಟ್ಟು ಬೆರಳುಗಳು ತಣ್ಣಗಾಗುತ್ತವೆ, ಜೋಮು ಹಿಡಿಯುತ್ತವೆ. ಬೂಟು ಚಿಕ್ಕದಾದ್ದರಿಂದ ಪಾದ ನೋಯುತ್ತಿದೆ ಎಂದು ಭಾವಿಸಿ ಮುಂದಿನ ಬಾರಿ ಇನ್ನೂ ದೊಡ್ಡದನ್ನು ಕೊಳ್ಳುವವರಿದ್ದಾರೆ. ಈ ಸರಣಿ ದಶಕಗಳವರೆಗೂ ಸಾಗಬಹುದು.

ಸ್ಕೀ ಬೂಟಿನ ಅಳತೆಯನ್ನು ಮೊಂಡೊಪಾಯಿಂಟ್ ಪದ್ಧತಿಯಲ್ಲಿ ಹೇಳುತ್ತಾರೆ. ಅದು ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಸೂಚಿಸುವ ಸಂಖ್ಯೆ. 265 ಮಿ.ಮೀ. ಉದ್ದದ ಪಾದಕ್ಕೆ 26.5 ಎಂಬುದು ಆರಂಭದ ಅಳತೆ, ಸಾಮಾನ್ಯ ಪಾದರಕ್ಷೆಯ ಅಳತೆಯನ್ನು ಇಲ್ಲಿಗೆ ತರಬಾರದು. ಹೆಚ್ಚಿನ ತಯಾರಕರ ಬೂಟುಗಳಲ್ಲಿ 26 ಮತ್ತು 26.5 ಎರಡಕ್ಕೂ ಹೊರಗಿನ ಪ್ಲಾಸ್ಟಿಕ್ ಶೆಲ್ ಒಂದೇ ಆಗಿರುತ್ತದೆ, ವ್ಯತ್ಯಾಸವೇನಿದ್ದರೂ ಒಳಗಿನ ಲೈನರಿನಲ್ಲಿ ಅಥವಾ ಅಟ್ಟೆಯಲ್ಲಿ ಮಾತ್ರ. ಆದ್ದರಿಂದ ಇವೆರಡರ ನಡುವೆ ತೂಗಾಡುವುದರಲ್ಲಿ ಹೆಚ್ಚು ಅರ್ಥವಿಲ್ಲ. 26ರ ಶೆಲ್ಲೋ 27ರ ಶೆಲ್ಲೋ ಎಂಬುದೇ ನಿಜವಾದ ಪ್ರಶ್ನೆ.

ಇದನ್ನು ತೀರ್ಮಾನಿಸಲು ಶೆಲ್ ಪರೀಕ್ಷೆಗಿಂತ ಉತ್ತಮವಾದ ಉಪಾಯವಿಲ್ಲ. ಲೈನರನ್ನು ಹೊರತೆಗೆದು, ಬರಿಗಾಲನ್ನು ಶೆಲ್ಲಿನೊಳಗಿಟ್ಟು, ಬೆರಳುಗಳು ಮುಂಭಾಗಕ್ಕೆ ಮೆಲ್ಲಗೆ ತಾಗುವಂತೆ ನಿಂತು, ಹಿಮ್ಮಡಿಯ ಹಿಂದೆ ಉಳಿಯುವ ಜಾಗವನ್ನು ಅಳೆಯಬೇಕು. ಸುಮಾರು 10ರಿಂದ 15 ಮಿ.ಮೀ. ಇದ್ದರೆ ಚುರುಕಾದ ಸ್ಕೀಯಿಂಗಿಗೆ ತಕ್ಕ ಬಿಗಿ, 20 ಮಿ.ಮೀ.ವರೆಗೆ ವಿಹಾರದ ಸ್ಕೀಯಿಂಗಿಗೆ ನಡೆಯುತ್ತದೆ, 25 ಮಿ.ಮೀ. ದಾಟಿದರೆ ಆ ಬೂಟನ್ನು ಹಿಂದಿಟ್ಟುಬಿಡುವುದು ಲೇಸು. ಅನಂತರ ಲೈನರ್ ಹಾಕಿ, ಒಂದೇ ಒಂದು ತೆಳುವಾದ ಕಾಲುಚೀಲದೊಂದಿಗೆ ಬೂಟು ತೊಟ್ಟು ನೆಟ್ಟಗೆ ನಿಂತಾಗ ಬೆರಳುಗಳು ತುದಿಗೆ ತಾಗಬೇಕು. ಮೊಣಕಾಲು ಬಾಗಿಸಿ ಮುಂದಕ್ಕೆ ಒರಗಿದಾಗ ತುದಿಯಿಂದ ಹಿಂದೆ ಸರಿಯಬೇಕು. ಸ್ಕೀಯಿಂಗ್ ನಡೆಯುವುದು ಬಾಗಿದ ಭಂಗಿಯಲ್ಲಿ. ನಿಂತಾಗಿನ ಹಿತವನ್ನಷ್ಟೇ ನೋಡಿ ತೀರ್ಮಾನಿಸಿದರೆ ಅಳತೆ ತಪ್ಪುವುದು ಬಹುತೇಕ ಖಚಿತ.

ಅಗಲ ಮತ್ತು ಬಿರುಸು

ಲಾಸ್ಟ್ ಎಂದು ಕರೆಯುವ ಅಗಲದ ಅಂಕಿಯಲ್ಲಿ 97–98 ಮಿ.ಮೀ. ಕಿರಿದು, 100ರ ಆಸುಪಾಸು ಮಧ್ಯಮ, 102ಕ್ಕಿಂತ ಮೇಲೆ ಅಗಲ. ಇದು ಸಾಮಾನ್ಯವಾಗಿ 26.5ರ ಬೂಟಿನಲ್ಲಿ, ಪಾದದ ಮುಂಭಾಗದ ಅತ್ಯಂತ ಅಗಲವಾದ ಕಡೆ ತೆಗೆದ ಅಳತೆ; ಬೂಟು ಚಿಕ್ಕದಾದಂತೆ ಒಳಗಿನ ಅಗಲವೂ ಕಡಿಮೆಯಾಗುತ್ತದೆ. ಹಿಮ್ಮಡಿ, ಕಣಕಾಲು, ಪಾದದ ಮೇಲ್ಭಾಗದ ಎತ್ತರ ಇವುಗಳ ಬಗ್ಗೆ ಈ ಅಂಕಿ ಏನನ್ನೂ ಹೇಳುವುದಿಲ್ಲ. ಮುಂಭಾಗ ಅಗಲವಾಗಿ ಹಿಮ್ಮಡಿ ಸಪೂರವಾಗಿರುವ ಪಾದ ಬಹಳ ಸಾಮಾನ್ಯ. ಅಂಥವರು 102ರ ಬೂಟು ಕೊಂಡರೆ ಬೆರಳುಗಳಿಗೆ ನೆಮ್ಮದಿ ಸಿಗುತ್ತದೆ, ಹಿಮ್ಮಡಿ ಮಾತ್ರ ಅಲ್ಲಾಡುತ್ತಲೇ ಇರುತ್ತದೆ. ನಾನಾದರೆ ಹಿಮ್ಮಡಿ ಹಿಡಿಯುವ ಕಿರಿದಾದ ಬೂಟನ್ನೇ ಆರಿಸಿ, ಮುಂಭಾಗದಲ್ಲಿ ಒತ್ತುವ ಕಡೆ ಬೂಟ್ ಫಿಟ್ಟರ್ ಕೈಯಲ್ಲಿ ಹಿಗ್ಗಿಸಿಕೊಳ್ಳಲು ಹೇಳುತ್ತೇನೆ. ಪ್ಲಾಸ್ಟಿಕ್ಕನ್ನು ಕಾಯಿಸಿ ಹಿಗ್ಗಿಸಲು, ಒಳಗಿನಿಂದ ತೇಯಲು ಬರುತ್ತದೆ; ದೊಡ್ಡ ಬೂಟನ್ನು ಚಿಕ್ಕದು ಮಾಡುವ ದಾರಿ ಮಾತ್ರ ಯಾರ ಬಳಿಯೂ ಇಲ್ಲ. ಪಾದದ ಕಮಾನಿಗೆ ತಕ್ಕ ಅಟ್ಟೆಯನ್ನೂ ಇದೇ ಹೊತ್ತಿನಲ್ಲಿ ಮಾಡಿಸಿಕೊಂಡರೆ ಆಮೇಲಿನ ಅನೇಕ ತಿದ್ದುಪಡಿಗಳು ಬೇಕಾಗುವುದಿಲ್ಲ.

ಬೂಟಿನ ಬಿರುಸನ್ನು ಹೇಳುವ ಫ್ಲೆಕ್ಸ್ ಅಂಕಿಯ ಕಥೆ ಬೇರೆ. 60ರಿಂದ 130 ಮತ್ತು ಅದಕ್ಕೂ ಮೇಲಕ್ಕೆ ಹೋಗುವ ಈ ಸಂಖ್ಯೆಗೆ ಎಲ್ಲ ತಯಾರಕರೂ ಒಪ್ಪಿದ ಮಾನದಂಡವಿಲ್ಲ. ಒಬ್ಬರ 110 ಇನ್ನೊಬ್ಬರ 120ಕ್ಕಿಂತ ಬಿರುಸಾಗಿರಬಹುದು. ಬೆಚ್ಚಗಿನ ಅಂಗಡಿಯಲ್ಲಿ ಸಲೀಸಾಗಿ ಬಾಗುವ ಪ್ಲಾಸ್ಟಿಕ್ ಕೊರೆಯುವ ಚಳಿಯಲ್ಲಿ ಗಟ್ಟಿಯಾಗುತ್ತದೆ. ಹೀಗಿದ್ದರೂ 130 ಎಂಬ ಅಂಕಿಯನ್ನು ಪರಿಣತಿಯ ಗುರುತಿನಂತೆ ಕಂಡು ಕೊಳ್ಳುವವರು ಬಹಳ. ಬೂಟು ಬಾಗದಿದ್ದರೆ ಕಣಕಾಲು ಬಾಗುವುದಿಲ್ಲ. ಕಣಕಾಲು ಬಾಗದಿದ್ದರೆ ದೇಹದ ಭಾರ ಹಿಂದೆ ಉಳಿದು, ಸ್ಕೀಯ ಮುಂಭಾಗ ಹಿಮವನ್ನು ಹಿಡಿಯದೆ, ತೊಡೆಗಳು ಮಧ್ಯಾಹ್ನಕ್ಕೇ ಸೋಲುತ್ತವೆ. ತೀರಾ ಮೆದುವಾದ ಬೂಟಿನಲ್ಲೂ ದೋಷವಿದೆ: ವೇಗ ಹೆಚ್ಚಿದಾಗ ಅದು ಒಮ್ಮೆಲೇ ಕುಸಿದು ಸವಾರನನ್ನು ಮುಂದಕ್ಕೆ ತಳ್ಳುತ್ತದೆ. ಎರಡರ ನಡುವೆ ಅನುಮಾನವಿದ್ದರೆ, ಮಧ್ಯಮ ಕೌಶಲದವರು ಬಿರುಸು ಕಡಿಮೆಯಿರುವುದನ್ನೂ ತೂಕ ಹೆಚ್ಚಿರುವ ವೇಗದ ಸ್ಕೀಯರ್ ಬಿರುಸು ಹೆಚ್ಚಿರುವುದನ್ನೂ ಆರಿಸುವುದು ಉಚಿತ. ಕೆಲವು ಬೂಟುಗಳಲ್ಲಿ ಹಿಂಭಾಗದ ತಿರುಪು ತೆಗೆದು ಬಿರುಸನ್ನು ಇಳಿಸುವ ಅನುಕೂಲವಿದೆ. ಅನುಮಾನವಿರುವವರಿಗೆ ಅಂಥ ಬೂಟು ಒಳ್ಳೆಯದು.

ಬೂಟು ತೊಡುವ ಸುಲಭತೆಯನ್ನೇ ಮುಖ್ಯವಾಗಿ ನೋಡಿ ಕೊಂಡವರ ಮರುಕಕ್ಕೆ ಚರಿತ್ರೆಯಲ್ಲೇ ದೊಡ್ಡ ಉದಾಹರಣೆಯಿದೆ. 1980ರ ದಶಕದಲ್ಲಿ ಹಿಂದಿನಿಂದ ತೆರೆದು ಕಾಲು ಹಾಕುವ ಬೂಟುಗಳು ಮಾರುಕಟ್ಟೆಯನ್ನು ಆವರಿಸಿದ್ದವು, ಸಲೋಮನ್ನಿನ ಎಸ್‌ಎಕ್ಸ್ ಸರಣಿ ಅವುಗಳಲ್ಲಿ ಪ್ರಸಿದ್ಧ. ತೊಡಲು, ಬಿಚ್ಚಲು, ನಡೆಯಲು ಅವು ಸುಖಕರವಾಗಿದ್ದವು. ಆದರೆ ಪಾದದ ಮುಂಭಾಗವನ್ನೂ ಮುಂಗಾಲನ್ನೂ ಬಿಡಿಬಿಡಿಯಾಗಿ ಬಿಗಿಯುವ ನಿಖರತೆ ಮುಂದಿನಿಂದ ಮುಚ್ಚುವ ಬೂಟಿನಷ್ಟು ಅವುಗಳಲ್ಲಿ ಸಾಧ್ಯವಾಗಲಿಲ್ಲ. 1990ರ ದಶಕದಲ್ಲಿ ಅವು ಬಹುಮಟ್ಟಿಗೆ ಮರೆಯಾದವು. ಈಚೆಗೆ, 2023ರಿಂದ, ಕೆಳಭಾಗದ ಬಕಲ್‌ಗಳ ಬದಲು ತಿರುಗಿಸುವ ಗುಂಡಿಯಿಂದ ತಂತಿಯನ್ನು ಬಿಗಿಯುವ ಬೋವಾ ಪದ್ಧತಿ ಆಲ್ಪೈನ್ ಬೂಟುಗಳಿಗೆ, ಅಂದರೆ ಇಳಿಜಾರಿನ ಸ್ಕೀಯಿಂಗಿನ ಬೂಟುಗಳಿಗೆ, ಬಂದಿದೆ. ಒತ್ತಡವನ್ನು ಸಮನಾಗಿ ಹರಡುವುದರಲ್ಲಿ ಅದಕ್ಕೆ ಗುಣವಿದೆ. ಆದರೂ ಶೆಲ್ಲಿನ ಅಳತೆ ತಪ್ಪಿದ್ದರೆ ಮುಚ್ಚುವ ವಿಧಾನ ಯಾವುದಾದರೂ ಒಂದೇ.

ಸ್ಕೀಯ ಸೊಂಟ: 70, 85, 100, 115

ಸ್ಕೀಯ ನಡುಭಾಗದ ಅಗಲವನ್ನು ಸೊಂಟವೆನ್ನುತ್ತಾರೆ, ಮತ್ತು ಕಳೆದ ಎರಡು ದಶಕಗಳ ಮರುಕಗಳಲ್ಲಿ ದೊಡ್ಡ ಪಾಲು ಈ ಅಂಕಿಯದೇ. 65ರಿಂದ 75 ಮಿ.ಮೀ. ಸೊಂಟದ ಸ್ಕೀ ಯಂತ್ರದಿಂದ ಹದಗೊಳಿಸಿದ ಗಟ್ಟಿ ಇಳಿಜಾರಿನದು: ಒಂದು ಅಂಚಿನಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಹೊರಳುತ್ತದೆ, ಮಂಜುಗಡ್ಡೆಯನ್ನೂ ಹಿಡಿಯುತ್ತದೆ, ಆಳವಾದ ಹಿಮದಲ್ಲಿ ಮುಳುಗುತ್ತದೆ. 110ಕ್ಕಿಂತ ಅಗಲವಾದದ್ದು ಪುಡಿಹಿಮದ ಮೇಲೆ ತೇಲುತ್ತದೆ, ಗಟ್ಟಿ ಹಿಮದಲ್ಲಿ ಭಾರವಾಗುತ್ತದೆ. ಇದಕ್ಕೆ ಕಾರಣ ಸರಳವಾದ ಯಂತ್ರಶಾಸ್ತ್ರ. ಸೊಂಟ ಅಗಲವಾದಂತೆ ಹಿಮವನ್ನು ಕಚ್ಚುವ ಅಂಚು ಬೂಟಿನ ಮಧ್ಯರೇಖೆಯಿಂದ ದೂರ ಸರಿಯುತ್ತದೆ. ಸ್ಕೀಯನ್ನು ಓರೆಯಾಗಿ ನಿಲ್ಲಿಸಲು ಹೆಚ್ಚಿನ ಬಲ ಬೇಕಾಗುತ್ತದೆ, ಮತ್ತು ಆ ಬಲದ ತಿರುಚು ಕಣಕಾಲು, ಮೊಣಕಾಲುಗಳ ಮೇಲೆ ಬೀಳುತ್ತದೆ. ಮೆತ್ತನೆಯ ಹಿಮದಲ್ಲಿ ಇಡೀ ತಳ ಒತ್ತಡವನ್ನು ಹಂಚಿಕೊಳ್ಳುವುದರಿಂದ ಈ ತೊಂದರೆ ತಿಳಿಯುವುದಿಲ್ಲ. ಆದ್ದರಿಂದಲೇ ಹೊಸ ಹಿಮ ಬಿದ್ದ ದಿನ ಪರೀಕ್ಷಿಸಿ ಮೆಚ್ಚಿದ ಅಗಲ ಸ್ಕೀ, ಉಳಿದ ಗಟ್ಟಿ ಹಿಮದ ದಿನಗಳಲ್ಲೆಲ್ಲ ಸಂಜೆಯ ಮೊಣಕಾಲು ನೋವಾಗಿ ಉಳಿಯುತ್ತದೆ.

ಹೆಚ್ಚು ಕಾಲ ಹದಗೊಳಿಸಿದ ಇಳಿಜಾರಿನಲ್ಲೇ ಕಳೆಯುವವರಿಗೆ 72ರಿಂದ 82, ಹದಗೊಳಿಸಿದ್ದು ಅರ್ಧ, ಹದಗೊಳಿಸದ ಹಿಮ ಅರ್ಧ ಎನ್ನುವವರಿಗೆ 85ರಿಂದ 92, ಸದಾ ಮೆತ್ತನೆಯ ಹಿಮ ಸಿಗುವ ಬೆಟ್ಟಗಳಲ್ಲಿ ಇಳಿಜಾರಿನಾಚೆಗೆ ಹೋಗುವವರಿಗೆ 95ರಿಂದ 105 ಎಂಬುದು ನನ್ನ ಲೆಕ್ಕ. ಎರಡು ವರ್ಗಗಳ ಗಡಿಯಲ್ಲಿ ನಿಂತಾಗ ಕಿರಿದಾದದ್ದನ್ನೇ ಆರಿಸಿ. ಕಿರಿದಾದ ಸ್ಕೀ ಆಳ ಹಿಮದಲ್ಲಿ ಕಷ್ಟ ಕೊಡುವ ದಿನಗಳು ಸ್ವಲ್ಪ, ಮತ್ತು ಆ ದಿನಗಳಿಗೆ ಅಗಲ ಸ್ಕೀಯನ್ನು ಬಾಡಿಗೆಗೆ ತರಬಹುದು. ಸೊಂಟದಷ್ಟೇ ಮುಖ್ಯವಾದದ್ದು ತೂಕ. ನಡೆದು ಹತ್ತುವವರಿಗೆಂದು ಮಾಡಿದ ಹಗುರ ಸ್ಕೀ ಕೈಯಲ್ಲಿ ಎತ್ತಿದಾಗ ಮನಸೆಳೆಯುತ್ತದೆ, ಆದರೆ ಮಧ್ಯಾಹ್ನದ ಕಲಕಿದ ಹಿಮದಲ್ಲಿ ಎಗರಾಡುತ್ತದೆ. ಒಳಗೆ ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಗಳಿರುವ ಸ್ಕೀ ಎತ್ತಲು ಭಾರ, ಓಟದಲ್ಲಿ ಶಾಂತ. ಲಿಫ್ಟಿನಲ್ಲಿ ಮೇಲೇರುವವರಿಗೆ ಎತ್ತುವ ಭಾರ ದೊಡ್ಡ ವಿಷಯವಲ್ಲ.

ಕಾಲ ತಿರುಗುವಾಗಿನ ಖರೀದಿ

ದೀರ್ಘಕಾಲ ಸ್ಕೀಯಿಂಗ್ ಮಾಡಿದವರ ಮನೆಗಳಲ್ಲಿ 200 ಸೆಂ.ಮೀ. ದಾಟಿದ ನೇರ ಸ್ಕೀಗಳು ಮೂಲೆಯಲ್ಲಿ ನಿಂತಿರುವುದುಂಟು. ಮೇಲಕ್ಕೆ ಚಾಚಿದ ಕೈಯ ಮಣಿಕಟ್ಟಿನವರೆಗೆ ಬರುವ ಸ್ಕೀಯೇ ಸರಿಯಾದ ಉದ್ದವೆಂಬ ನಂಬಿಕೆಯ ಕಾಲದವು ಅವು. 1993ರಲ್ಲಿ ಸ್ಲೊವೇನಿಯದ ಎಲಾನ್ ಕಂಪನಿ ಎಸ್‌ಸಿಎಕ್ಸ್ ಎಂಬ, ಬದಿಗಳು ಆಳವಾಗಿ ಒಳಬಾಗಿದ ಸ್ಕೀಯನ್ನು ಹೊರತಂದಿತು. ಅದನ್ನು ರೂಪಿಸಿದವರು ಯೂರಿ ಫ್ರಾಂಕೊ ಮತ್ತು ಪಾವೆಲ್ ಷ್ಕೊಫಿಚ್. ಓರೆಯಾಗಿ ನಿಲ್ಲಿಸಿದರೆ ತಾನೇ ತಿರುವು ತೆಗೆದುಕೊಳ್ಳುವ ಈ ವಿನ್ಯಾಸ ಕೆಲವೇ ವರ್ಷಗಳಲ್ಲಿ ಎಲ್ಲ ತಯಾರಕರದೂ ಆಯಿತು. ಆ ನಡುವೆ ಅಗ್ಗದ ಬೆಲೆಗೆ ಸಿಕ್ಕಿತೆಂದು ಕೊನೆಯ ತಲೆಮಾರಿನ ಉದ್ದ ಸ್ಕೀಗಳನ್ನು ಕೊಂಡವರಿಗೆ ಉಳಿದದ್ದು ಅವುಗಳನ್ನು ಮಾರಲೂ ಆಗದ ಸ್ಥಿತಿ.

ಇದರಿಂದ ಹೊಸದನ್ನೇ ಕೊಳ್ಳಬೇಕೆಂಬ ನಿಯಮ ಹೊರಡುವುದಿಲ್ಲ, ಏಕೆಂದರೆ ಹೀಗೆ ತಿರುಗುವ ಕಾಲದ ಮತ್ತೊಂದು ತುದಿಯಲ್ಲೂ ಮರುಕವಿದೆ. 2002ರಲ್ಲಿ ಸ್ಕೀಯರ್ ಶೇನ್ ಮೆಕಾಂಕಿಯ ಕಲ್ಪನೆಯಿಂದ ವೊಲಾಂಟ್ ಕಂಪನಿ ತಯಾರಿಸಿದ ಸ್ಪ್ಯಾಟುಲಾ ಸ್ಕೀಯಲ್ಲಿ ತಳದ ಬಾಗೂ ಬದಿಯ ಬಾಗೂ ತಿರುಗುಮುರುಗಾಗಿದ್ದವು. ಆಳ ಹಿಮದಲ್ಲಿ ಅದು ತೋರಿಸಿಕೊಟ್ಟ ದಾರಿಯಿಂದಲೇ ತುದಿಗಳು ಮೇಲಕ್ಕೆ ಬಾಗಿರುವ ಇಂದಿನ ರಾಕರ್ ಸ್ಕೀಗಳು ಬಂದವು. ಗಟ್ಟಿ ಇಳಿಜಾರಿನಲ್ಲಿ ಮಾತ್ರ ಅದನ್ನು ಹಿಡಿತದಲ್ಲಿಡುವುದು ಕಷ್ಟವಾಗಿತ್ತು. ಹೊಸ ಆಕಾರವೊಂದು ಬಂದಾಗ ಅದರ ಎರಡನೆಯ ಅಥವಾ ಮೂರನೆಯ ತಲೆಮಾರಿಗೆ ಕಾಯುವುದು, ಅಷ್ಟರಲ್ಲಿ ಹಳೆಯ ಆಕಾರದ ಅಗ್ಗದ ದಾಸ್ತಾನನ್ನು ಮುಟ್ಟದಿರುವುದು ನನಗೆ ಸರಿಯೆನಿಸಿದ ಕ್ರಮ. ಆಕಾರ ಬದಲಾಗದೆ ಮೇಲಿನ ಚಿತ್ರ ಮಾತ್ರ ಬದಲಾದ ವರ್ಷಗಳಲ್ಲಿ ಹಿಂದಿನ ವರ್ಷದ ಸ್ಕೀ ನಿಜವಾದ ಲಾಭ.

ಉದ್ದದ ವಿಚಾರ ಈಗ ಇಷ್ಟೇ: ರಾಕರ್ ಹೆಚ್ಚಿದ್ದಷ್ಟೂ ಹಿಮವನ್ನು ತಾಗುವ ಅಂಚು ಕಡಿಮೆಯಾಗುವುದರಿಂದ ಅಂಥ ಸ್ಕೀಯನ್ನು ತುಸು ಉದ್ದವಾಗಿಯೂ, ಪೂರ್ಣ ಕ್ಯಾಂಬರ್ (ನಡುಭಾಗ ಮೇಲಕ್ಕೆ ಬಾಗಿರುವ ಆಕಾರ) ಇರುವುದನ್ನು ತುಸು ಗಿಡ್ಡವಾಗಿಯೂ ಕೊಳ್ಳಬಹುದು.

ಪಂದ್ಯದ ಸ್ಕೀಯ ಮೋಹದ ಬಗ್ಗೆ ಎಚ್ಚರಿಕೆ ಅಗತ್ಯ. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ 2012–13ರಲ್ಲಿ ದೊಡ್ಡ ತಿರುವುಗಳ ಪಂದ್ಯವಾದ ಪುರುಷರ ಜೈಂಟ್ ಸ್ಲಾಲಮ್‌ನ ಸ್ಕೀಗೆ ಕನಿಷ್ಠ 35 ಮೀಟರ್ ತಿರುವಿನ ತ್ರಿಜ್ಯವನ್ನು ಕಡ್ಡಾಯ ಮಾಡಿತು, 2017–18ರಲ್ಲಿ ಅದನ್ನು 30 ಮೀಟರಿಗೆ ಇಳಿಸಿತು. ಅಂಥ ಸ್ಕೀಯನ್ನು ಬಾಗಿಸಲು ಪಂದ್ಯದ ವೇಗ ಬೇಕು. ಜನರಿರುವ ಇಳಿಜಾರಿನಲ್ಲಿ ಆ ವೇಗಕ್ಕೆ ಜಾಗವೇ ಇರುವುದಿಲ್ಲ. ಗಟ್ಟಿ ಹಿಮದಲ್ಲಿ ಚುರುಕಾಗಿ ತಿರುಗುವ ಆಸೆಯಿದ್ದವರಿಗೆ 12ರಿಂದ 16 ಮೀಟರ್ ತ್ರಿಜ್ಯದ, ಅಂಗಡಿಗೆಂದೇ ಮಾಡಿದ, ಚಿಕ್ಕ ತಿರುವುಗಳ ಸ್ಲಾಲಮ್ ಮಾದರಿ ಹೆಚ್ಚಿನ ಸಂತೋಷ ಕೊಡುತ್ತದೆ.

ಬೈಂಡಿಂಗ್: ಸ್ಥಿರವೋ, ಪಿನ್ನೋ, ಎರಡೂ ಸೇರಿದ್ದೋ

ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಟ್ಟುಬಿಡುವ ಸಾಧನವೇ ಬೈಂಡಿಂಗ್. ಹಿಮ್ಮಡಿಯನ್ನು ಸ್ಥಿರವಾಗಿ ಹಿಡಿಯುವುದು ಆಲ್ಪೈನ್ ಬಗೆ; ನಡೆದು ಹತ್ತುವಾಗ ಹಿಮ್ಮಡಿ ಮೇಲೇಳುವಂತೆ ಬೂಟಿನ ತುದಿಯನ್ನು ಪಿನ್ನುಗಳಲ್ಲಿ ಹಿಡಿಯುವುದು ಪಿನ್ ಬಗೆ. ಪಿನ್ ಬೈಂಡಿಂಗಿನ ಮೂಲ ವಿನ್ಯಾಸ ಆಸ್ಟ್ರಿಯದ ಫ್ರಿಟ್ಜ್ ಬಾರ್ಥೆಲ್ 1980ರ ದಶಕದಲ್ಲಿ ಮಾಡಿದ್ದು, ಡೈನಾಫಿಟ್ ಕಂಪನಿಯ ಮೂಲಕ ಹರಡಿದ್ದು. ಹತ್ತುವಾಗ ಹಿಮ್ಮಡಿಯೊಂದಿಗೆ ಬೈಂಡಿಂಗಿನ ಭಾರ ಎತ್ತಬೇಕಾಗಿಲ್ಲ ಎಂಬುದು ಅದರ ಹಿರಿಮೆ. ಆಲ್ಪೈನ್ ಬೈಂಡಿಂಗಿನಷ್ಟು ಆಘಾತ ಹೀರುವ ಗುಣವಿಲ್ಲ ಎಂಬುದು ಕೊರತೆ. ಇಡೀ ಚೌಕಟ್ಟನ್ನೇ ಎತ್ತುವ ಫ್ರೇಮ್ ಬೈಂಡಿಂಗ್ ಹತ್ತಲು ಭಾರ, ಇಳಿಯಲು ಎತ್ತರ. ಪಿನ್ ಮತ್ತು ಆಲ್ಪೈನ್ ಎರಡನ್ನೂ ಒಟ್ಟುಗೂಡಿಸಲು ಯತ್ನಿಸಿದ ಸಲೋಮನ್ ಮತ್ತು ಅಟಾಮಿಕ್ ಕಂಪನಿಗಳ ಶಿಫ್ಟ್ ಬೈಂಡಿಂಗ್ 2018ರಲ್ಲಿ ಮಾರುಕಟ್ಟೆಗೆ ಬಂತು. ಲಿಫ್ಟಿನ ದಿನಗಳೇ ಹೆಚ್ಚು, ಆಗೀಗ ಒಂದು ಏರು ಎನ್ನುವವರಿಗೆ ಈ ಬಗೆ ಹೊಂದುತ್ತದೆ. ಹತ್ತುವ ಅಭ್ಯಾಸ ಇನ್ನೂ ಆರಂಭವಾಗದವರು ಮೊದಲು ಪೂರ್ಣ ಟೂರಿಂಗ್ (ನಡೆದು ಹತ್ತಿ ಇಳಿಯುವ) ಜೋಡಿಯನ್ನು ಬಾಡಿಗೆಗೆ ತಂದು ನೋಡಲಿ. ಹತ್ತಲೆಂದು ಕೊಂಡು ಲಿಫ್ಟಿನಲ್ಲೇ ಬಳಸುತ್ತಿರುವ ಹಗುರ ಬೂಟು, ಬೈಂಡಿಂಗುಗಳು ಮರುಕದ ಪಟ್ಟಿಯಲ್ಲಿ ಈಗೀಗ ಹೆಚ್ಚುತ್ತಿವೆ.

ಬೂಟಿನ ಅಡಿಭಾಗಕ್ಕೂ ಬೈಂಡಿಂಗಿಗೂ ಹೊಂದಿಕೆಯಾಗದಿದ್ದರೆ ನಷ್ಟ ಹಣದ್ದಷ್ಟೇ ಅಲ್ಲ. ಅಂತಾರಾಷ್ಟ್ರೀಯ ಮಾನದಂಡಗಳ ಪ್ರಕಾರ ಹಳೆಯ ಆಲ್ಪೈನ್ ಅಡಿಭಾಗ ಐಎಸ್‌ಒ 5355ರಂತೆ, ನಡೆಯಲು ಬಾಗಿರುವ ಗ್ರಿಪ್‌ವಾಕ್ ಐಎಸ್‌ಒ 23223ರಂತೆ, ಟೂರಿಂಗ್ ಅಡಿಭಾಗ ಐಎಸ್‌ಒ 9523ರಂತೆ ಇರುತ್ತದೆ. 5355ಕ್ಕೆ ಮಾತ್ರ ಮಾಡಿದ ಬೈಂಡಿಂಗಿನಲ್ಲಿ ಗ್ರಿಪ್‌ವಾಕ್ ಬೂಟು ಕೂರುವಂತೆ ಕಂಡರೂ ಬೀಳುವಾಗ ಸರಿಯಾಗಿ ಬಿಡುಗಡೆಯಾಗುವ ಭರವಸೆಯಿಲ್ಲ. ಹೊಸ ಬೂಟು ಕೊಳ್ಳುವ ಮೊದಲು ಮನೆಯಲ್ಲಿರುವ ಪ್ರತಿ ಜೋಡಿ ಸ್ಕೀಯ ಬೈಂಡಿಂಗಿನ ಮೇಲೆ ಬರೆದಿರುವುದನ್ನು ಓದಿಕೊಳ್ಳಿ. ಎಷ್ಟು ಬಲಕ್ಕೆ ಬೂಟು ಬಿಡುಗಡೆಯಾಗಬೇಕೆಂದು ಹೇಳುವ ಮಾಪಕದಲ್ಲಿ ನಿಮಗೆ ಬೇಕಾದ ಅಂಕಿ ಬೈಂಡಿಂಗಿನ ವ್ಯಾಪ್ತಿಯ ನಡುವೆ ಬರಬೇಕು. 6ರಲ್ಲಿ ಇಳಿಯುವವರು 6ರಿಂದ ಆರಂಭವಾಗುವ ಭಾರಿ ಬೈಂಡಿಂಗನ್ನು ಕೊಳ್ಳಬಾರದು.

ಮಾರುವ ಮುನ್ನ

ಸ್ಕೀ ಇಷ್ಟವಾಗಲಿಲ್ಲವೆಂದು ಮಾರುವ ಮೊದಲು ಎರಡನ್ನು ಪರೀಕ್ಷಿಸಿ. ಒಂದು, ತಳ ಸಮತಟ್ಟಾಗಿದೆಯೇ, ಅಂಚಿನ ಕೋನ ಸರಿಯಿದೆಯೇ ಎಂಬುದು. ಅಂಚುಗಳು ತಳಕ್ಕಿಂತ ಎತ್ತರವಾಗಿ ನಿಂತ ಸ್ಕೀ ಎಲ್ಲೆಂದರಲ್ಲಿ ಕಚ್ಚಿಕೊಂಡು ತಿರುಗಲು ಒಪ್ಪುವುದಿಲ್ಲ. ಕಲ್ಲಿನಲ್ಲಿ ಉಜ್ಜಿಸಿ, ತಳದ ಕೋನವನ್ನು ಸುಮಾರು 1 ಡಿಗ್ರಿಗೂ ಬದಿಯದನ್ನು 2 ಅಥವಾ 3 ಡಿಗ್ರಿಗೂ ತಂದರೆ ಅದೇ ಸ್ಕೀ ಬೇರೆಯೇ ಆಗಿ ವರ್ತಿಸುತ್ತದೆ. ಇನ್ನೊಂದು, ಬೂಟಿನ ಮಧ್ಯದ ಗುರುತು ಸ್ಕೀಯ ಗುರುತಿಗೆ ಕೂತಿದೆಯೇ ಎಂಬುದು. ಒಂದೆರಡು ಸೆಂಟಿಮೀಟರ್ ಹಿಂದೆ ಕೂತ ಬೈಂಡಿಂಗ್ ತಿರುವಿನ ಆರಂಭವನ್ನೇ ಕಷ್ಟಗೊಳಿಸುತ್ತದೆ. ಇವೆರಡೂ ಸರಿಯಿದ್ದು ಆಮೇಲೂ ಹೊಂದದಿದ್ದರೆ ಮಾರಿಬಿಡಿ.

ಬಳಸಿದ್ದೋ, ಬಾಡಿಗೆಯದೋ

ಬಳಸಿದ ಸ್ಕೀ ಕೊಳ್ಳುವುದರಲ್ಲಿ ಅಪಾಯ ಕಡಿಮೆ: ಅಂಚಿನಲ್ಲಿ ಬಿರುಕಿಲ್ಲ, ತಳದಲ್ಲಿ ಆಳವಾದ ಗಾಯವಿಲ್ಲ, ಹಿಂದೆ ಕೊರೆದ ರಂಧ್ರಗಳು ಒಂದಕ್ಕೊಂದು ತೀರಾ ಹತ್ತಿರವಿಲ್ಲ ಎಂದಾದರೆ ಸಾಕು. ಬೈಂಡಿಂಗ್ ಹಾಗಲ್ಲ. ತಯಾರಕರು ಪ್ರತಿವರ್ಷ ತಾವು ಹೊಣೆ ಹೊರುವ ಮಾದರಿಗಳ ಪಟ್ಟಿಯನ್ನು ಪ್ರಕಟಿಸುತ್ತಾರೆ, ಅದರಿಂದ ಹೊರಬಿದ್ದ ಹಳೆಯ ಬೈಂಡಿಂಗನ್ನು ಹೊಂದಿಸಿಕೊಡಲು ಹೆಚ್ಚಿನ ಕಾರ್ಯಾಗಾರಗಳು ಒಪ್ಪುವುದಿಲ್ಲ. ಆಗ ಅಗ್ಗದ ಸ್ಕೀಗೆ ಹೊಸ ಬೈಂಡಿಂಗಿನ ಖರ್ಚೂ ಸೇರುತ್ತದೆ. ಬಳಸಿದ ಬೂಟನ್ನು ಕೊಳ್ಳದಿರಿ. ಪಾಲಿಯುರೆಥೇನ್ ಪ್ಲಾಸ್ಟಿಕ್ ತೇವದಿಂದಲೂ ವಯಸ್ಸಿನಿಂದಲೂ ಒಳಗೊಳಗೇ ಸಡಿಲವಾಗುತ್ತದೆ, ಹೊರಗೆ ಹೊಳೆಯುತ್ತಿದ್ದ ಹಳೆಯ ಬೂಟು ಇಳಿಯುತ್ತಿರುವಾಗಲೇ ಒಡೆದುಹೋದ ಸಂದರ್ಭಗಳುಂಟು.

ಬೆಳೆಯುವ ಮಕ್ಕಳಿಗೆ ಇಡೀ ಋತುವಿನ ಬಾಡಿಗೆಯೇ ಸರಿ. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಅಳತೆ ದೊಡ್ಡ ಬೂಟು ಕೊಡಿಸಿದರೆ ಮಗು ಎರಡು ವರ್ಷವೂ ಹತೋಟಿಯಿಲ್ಲದೆ ಇಳಿಯುತ್ತದೆ, ಮತ್ತು ಹಿಂದಕ್ಕೆ ಕೂತು ಇಳಿಯುವ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ವಯಸ್ಕರು ಸ್ವಂತ ಬೂಟು ಕೊಂಡು ಸ್ಕೀಯನ್ನು ಬಾಡಿಗೆಗೆ ಪಡೆಯುವುದು ಅನೇಕ ವರ್ಷಗಳವರೆಗೆ ಉತ್ತಮವಾದ ಏರ್ಪಾಡು: ಪಾದಕ್ಕೆ ಹೊಂದಿದ ಬೂಟು ಸದಾ ಜೊತೆಗಿರುತ್ತದೆ, ಸ್ಕೀಯನ್ನು ಅಂದಿನ ಹಿಮ ನೋಡಿ ಆರಿಸಬಹುದು, ಮತ್ತು ಹೀಗೆ ಹಲವು ಸೊಂಟ, ಉದ್ದ, ತ್ರಿಜ್ಯಗಳನ್ನು ಗಟ್ಟಿ ಹಿಮದಲ್ಲೂ ಮೆತ್ತನೆಯ ಹಿಮದಲ್ಲೂ ಪರೀಕ್ಷಿಸಿದ ಮೇಲೆ ಕೊಳ್ಳುವ ಮೊದಲ ಜೋಡಿ ಊಹೆಯ ಮೇಲೆ ನಿಂತಿರುವುದಿಲ್ಲ. ಪರೀಕ್ಷಿಸಿದ ಪ್ರತಿ ಸ್ಕೀಯ ಸೊಂಟ, ಉದ್ದ, ಅಂದಿನ ಹಿಮದ ಸ್ಥಿತಿ ಇವನ್ನು ಆ ಸಂಜೆಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಋತು ಮುಗಿಯುವ ಹೊತ್ತಿಗೆ ನೆನಪಿನಲ್ಲಿ ಉಳಿಯುವುದು ಒಳ್ಳೆಯ ಹಿಮ ಬಿದ್ದ ದಿನದ ಸ್ಕೀ ಮಾತ್ರ.